ಓದುವವರಿಲ್ಲ ಎಂಬ ಸುಳ್ಳು

"ನಿಮ್ಮ ಕಡೆ ಓದೋರು ಎಲ್ಲಿದಾರೆ ಬಿಡಿ ಮೇಡಂ" ಎಂದು ಆ ಮಹನೀಯರು ನಕ್ಕಾಗ ನನ್ನ ಕೈಯಲ್ಲಿ ಹದಿನಾಲ್ಕು ಪುಸ್ತಕಗಳ ಚೀಲವಿತ್ತು. 2020ರ ಫೆಬ್ರುವರಿಯ ಮಾತು. ಕಲಬುರಗಿಯಲ್ಲಿ 85ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಿತ್ತು. ಪುಸ್ತಕ ಮಳಿಗೆಗಳ ಓಣಿಯಲ್ಲಿ ಧೂಳೆದ್ದು ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ಆಳಂದದಿಂದ ಟೆಂಪೋ ಮಾಡಿಕೊಂಡು ಬಂದ ಅಂಗನವಾಡಿಯ ಅಕ್ಕಂದಿರು ಸೆರಗಿನ ಗಂಟು ಬಿಚ್ಚಿ ರೊಕ್ಕ ಎಣಿಸುತ್ತಿದ್ದರು. ಅಫಜಲಪುರದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಂಕುಳಲ್ಲಿ ಕೂಸು ಎತ್ತಿಕೊಂಡೇ ಒಂದು ಕಾದಂಬರಿಯನ್ನು ನಿಂತಲ್ಲೇ ಹತ್ತು ಪುಟ ಓದಿ ಮುಗಿಸಿದ್ದಳು. ಇಷ್ಟೆಲ್ಲ ಕಣ್ಣೆದುರಿಗಿದ್ದರೂ ಬೆಂಗಳೂರಿನಿಂದ ಬಂದ ಆ ಪ್ರಕಾಶಕರಿಗೆ ನಮ್ಮ ಕಡೆ ಓದುವವರು ಕಾಣಲಿಲ್ಲ. ನಾನು ಆಗ ಏನೂ ಹೇಳಲಿಲ್ಲ. ಮಾಸ್ತರಿಕೆ ಮಾಡುವವರಿಗೆ ಉತ್ತರ ತಡವಾಗಿ ಹೊಳೆಯುತ್ತದೆ. ಈಗ ಹೊಳೆದಿದೆ, ಹೇಳುತ್ತೇನೆ.

ನಾನು ಕನ್ನಡ ಕಲಿಸುವವಳು. ಸರ್ಕಾರಿ ಶಾಲೆಗಳಲ್ಲಿ ಸುಮಾರು ಮೂವತ್ತು ವರ್ಷ ಕಳೆದಿದ್ದೇನೆ. ಮೊದಲು ಆಳಂದ, ಆಮೇಲೆ ಅಫಜಲಪುರ, ಈಗ ಜೇವರ್ಗಿ. ಮೂರೂ ತಾಲ್ಲೂಕುಗಳ ಬಸ್‌ಸ್ಟ್ಯಾಂಡುಗಳ ಎದುರಿನ ಪುಸ್ತಕದಂಗಡಿಗಳನ್ನು ನನ್ನ ಮನೆಯ ಅಡುಗೆಕೋಣೆಯಷ್ಟೇ ಚೆನ್ನಾಗಿ ಬಲ್ಲೆ. ಅಲ್ಲಿ ಏನು ಸಿಗುತ್ತದೆ ಎಂದು ಕೇಳಿದರೆ ಕಣ್ಣು ಮುಚ್ಚಿ ಹೇಳಬಲ್ಲೆ: ಎಸ್.ಎಸ್.ಎಲ್.ಸಿ. ಗೈಡು, ಪಿ.ಯು.ಸಿ. ಗೈಡು, ಪ್ರಶ್ನೆಪತ್ರಿಕೆಗಳ ಕಟ್ಟು, ಪಿ.ಡಿ.ಒ., ಎಫ್.ಡಿ.ಎ., ಟಿ.ಇ.ಟಿ. ಪರೀಕ್ಷೆಗಳ ದಪ್ಪ ದಪ್ಪ ಕೈಪಿಡಿ, ಪಂಚಾಂಗ, ಲಗ್ನಪತ್ರಿಕೆಯ ಮಾದರಿ. ಒಂದು ಕಥಾಸಂಕಲನ ಕೇಳಿದರೆ ಅಂಗಡಿಯವರು ನನ್ನನ್ನು ಔಷಧದಂಗಡಿಯಲ್ಲಿ ಬಳೆ ಕೇಳಿದವಳಂತೆ ನೋಡುತ್ತಾರೆ.

ಹೀಗೇಕೆ ಎಂದು ಒಬ್ಬ ಅಂಗಡಿಯವರನ್ನೇ ಕೇಳಿದೆ. ಅವರು ಮುಚ್ಚುಮರೆ ಇಲ್ಲದೆ ಹೇಳಿದರು: "ಟೀಚರ್, ಗೈಡ್ ಆದ್ರ ಅವ್ರೇ ತಂದು ಹಾಕ್ತಾರ. ಮಾರಿದ್ ಮ್ಯಾಲ ರೊಕ್ಕ, ಉಳಿದದ್ದು ವಾಪಸ್ ಒಯ್ತಾರ. ಕಾದಂಬರಿ ಯಾರು ತಂದು ಹಾಕ್ತಾರ್ರಿ? ನಾನೇ ಕಲಬುರ್ಗಿಗಿ ಹೋಗಿ ನಗದು ಕೊಟ್ಟು ತರಬೇಕು. ಉಳಿದ್ರ ನನ್ನ ಕೊಳ್ಳಾಗ."

ಈ ನಾಲ್ಕು ಮಾತಿನಲ್ಲಿ ಎಲ್ಲವೂ ಬಂತು. ಗೈಡು ತಾನಾಗಿ ನಡೆದು ಬರುತ್ತದೆ, ಪುಸ್ತಕವನ್ನು ಯಾರಾದರೂ ಹೊತ್ತು ತರಬೇಕು. ಗೈಡಿನ ನಷ್ಟ ಮಾಡಿದವರದು, ಪುಸ್ತಕದ ನಷ್ಟ ಮಾರುವವರದು. ಹೀಗಿರುವಾಗ ಅಂಗಡಿಯಲ್ಲಿ ಯಾವುದು ಕುಳಿತಿರುತ್ತದೆ, ನೀವೇ ಹೇಳಿ. ಇದನ್ನು ನೋಡಿ "ಅಲ್ಲಿಯವರು ಗೈಡು ಬಿಟ್ಟು ಬೇರೇನೂ ಓದುವುದಿಲ್ಲ" ಎಂದು ತೀರ್ಪು ಕೊಡುವುದು, ಬಾವಿಗೆ ಹಗ್ಗ ಬಿಡದೆ ನೀರಿಲ್ಲ ಎಂದಂತೆ.

ಗೈಡಿನ ಬಗ್ಗೆ ನನಗೆ ಹಗೆತನವಿಲ್ಲ. ಪರೀಕ್ಷೆ ಹತ್ತಿರ ಬಂದಾಗ ಬಡವರ ಮಕ್ಕಳಿಗೆ ಟ್ಯೂಷನ್ನಿನ ಬದಲು ಅದೇ ಗತಿ. ಆದರೆ ಅದು ಅಷ್ಟೊಂದು ರಾಶಿ ಬಿದ್ದ ಜಿಲ್ಲೆಯ ಗತಿ ಏನಾಯಿತು? 2025ರ ಎಸ್.ಎಸ್.ಎಲ್.ಸಿ. ಮೊದಲ ಪರೀಕ್ಷೆಯಲ್ಲಿ ಕಲಬುರಗಿ ಜಿಲ್ಲೆ ಶೇ. 42.43 ಪಡೆದು ರಾಜ್ಯದಲ್ಲೇ ಕೊನೆಗೆ ನಿಂತಿತು. ಇದಕ್ಕೆ ಗೈಡೇ ಕಾರಣ ಎನ್ನುವಷ್ಟು ದಡ್ಡಿ ನಾನಲ್ಲ. ಬಡತನ, ವಲಸೆ, ಶಿಕ್ಷಕರಿಲ್ಲದ ತರಗತಿ, ಎಲ್ಲವೂ ಇವೆ. ಆದರೆ ಗೈಡು ನಮ್ಮ ಮಕ್ಕಳನ್ನು ಎತ್ತಿ ಹಿಡಿಯಲಿಲ್ಲ ಎಂಬುದಂತೂ ಖರೆ. ಉತ್ತರ ಬಾಯಿಪಾಠ ಮಾಡಿದ ಹುಡುಗಿಗೆ ಪ್ರಶ್ನೆಯ ಒಂದು ಶಬ್ದ ಬದಲಾದರೆ ಕೈಕಾಲು ಆಡುವುದಿಲ್ಲ. ಶಬ್ದದ ಅರ್ಥ ತಾನೇ ಹುಡುಕಿ ಅಭ್ಯಾಸವಿದ್ದರೆ ತಾನೇ? ನಾನು ದುಡಿದ ಒಂದು ಶಾಲೆಯಲ್ಲಿ ಹತ್ತನೇ ತರಗತಿಯ ಹೆಣ್ಣುಮಕ್ಕಳ ಕೈಗೆ ಸಾಹಿತ್ಯ ಪರಿಷತ್ತಿನ ಸಂಕ್ಷಿಪ್ತ ಕನ್ನಡ ನಿಘಂಟು ಕೊಟ್ಟೆ. "ಇದರಾಗ ಪಾಠ ಎಲ್ಲಿ ಅದ ಟೀಚರ್?" ಎಂದು ಕೇಳಿದರು. ನಿಘಂಟನ್ನೂ ಅವರು ಗೈಡು ಎಂದೇ ತಿಳಿದಿದ್ದರು. ಒಂದು ವಾರ ದಿನಕ್ಕೆ ಐದು ಶಬ್ದ ಹುಡುಕಿಸಿದೆ. ಎರಡನೆಯ ವಾರದಿಂದ ಊಟದ ಬಿಡುವಿನಲ್ಲಿ ಅದಕ್ಕಾಗಿ ಜಗಳ ಶುರುವಾಯಿತು. ಓದುವವರಿಲ್ಲವಂತೆ!

ಇನ್ನು ನನ್ನ ಸ್ವಂತದ ಸಂಗತಿಗೆ ಬರುತ್ತೇನೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ನನ್ನಂಥವರು ಇನ್ನೂ ಎಷ್ಟೋ ಮಂದಿ ಇದ್ದೀರಿ ಎಂದು ಗೊತ್ತಿರುವುದರಿಂದ ಹೇಳುತ್ತೇನೆ.

ನಮ್ಮವ್ವ ಭೀಮಾ ದಂಡೆಯ ಹಳ್ಳಿಯವಳು. ಓದು ಬರಹ ಇಲ್ಲ. ಬೀಸುವ ಕಲ್ಲಿನ ಮುಂದೆ ಕುಳಿತರೆ ಒಂದು ಶೇರು ಜೋಳ ಮುಗಿಯುವವರೆಗೆ ಒಂದು ಪದ ಮತ್ತೊಮ್ಮೆ ಬರುತ್ತಿರಲಿಲ್ಲ. ಆ ಹಾಡುಗಳನ್ನು ರಜೆಯಲ್ಲಿ ಊರಿಗೆ ಹೋದಾಗಲೆಲ್ಲ ಇನ್ನೂರು ಪುಟದ ನೋಟುಬುಕ್ಕುಗಳಲ್ಲಿ ಬರೆದುಕೊಳ್ಳುತ್ತ ಬಂದೆ. ಇಪ್ಪತ್ತು ವರ್ಷದಲ್ಲಿ ಮೂರು ನೋಟುಬುಕ್ಕು ತುಂಬಿದವು. ಅವ್ವ 2022ರಲ್ಲಿ ತೀರಿಕೊಂಡಳು. ವರ್ಷದ ತಿಥಿಯೊಳಗೆ ಪುಸ್ತಕ ಮಾಡಬೇಕೆಂದು ನನಗೆ ಹಟ ಹುಟ್ಟಿತು. ಆಗ ಫೋನಿನಲ್ಲಿ ಒಂದು ಜಾಹೀರಾತು ಕಂಡಿತು. ಪುಸ್ತಕ ಮಾಡಿಕೊಡುವ ಸೇವಾಸಂಸ್ಥೆ. ಮೂರು ಪ್ಯಾಕೇಜು: ಬೆಳ್ಳಿ, ಬಂಗಾರ, ವಜ್ರ. ನಾನು ಬಂಗಾರವನ್ನು ಆರಿಸಿದೆ. ಹೆಂಗಸರ ಬುದ್ಧಿ ಎನ್ನಿ. ತುಟ್ಟಿಭತ್ಯೆಯ ಬಾಕಿ ಬಂದಿತ್ತು, 42,000 ರೂಪಾಯಿ ಕಟ್ಟಿದೆ. ತಿದ್ದುಪಡಿ, ಮುಖಪುಟ, ಐ.ಎಸ್.ಬಿ.ಎನ್. ಸಂಖ್ಯೆ, 300 ಪ್ರತಿ, ಪ್ರಚಾರ, ಎಲ್ಲವೂ ಅದರೊಳಗೆ ಎಂದರು.

ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲಿ ಪುಸ್ತಕಗಳು ಬಂದವು. ತೆಳ್ಳನೆಯ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮೇಲೆ ಅಂಟುಪಟ್ಟಿ ಎಳೆದು, ಆರು ಬಂಡಲು. ಲಾರಿಯ ತಳದಲ್ಲಿ ಯಾವ ಸಾಮಾನಿನ ಕೆಳಗೆ ಬಿದ್ದಿದ್ದವೋ, ಎರಡು ಬಂಡಲು ಒಡೆದಿದ್ದವು. ನೀರು ಕುಡಿದು ಉಬ್ಬಿದ 46 ಪ್ರತಿಗಳನ್ನು ಅಂಗಳದಲ್ಲಿ ಹಪ್ಪಳದಂತೆ ಒಣಹಾಕಿದೆ. ಓಣಿಯ ಹೆಣ್ಣುಮಕ್ಕಳು ಬಂದು "ಏನ್ರೀ ಟೀಚರ್, ಈ ಸಲ ಹಪ್ಪಳ ಭಾಳ ದೊಡ್ಡವು ಮಾಡೀರಿ" ಎಂದು ನಗೆಯಾಡಿದರು. ನಾನೂ ನಕ್ಕೆ. ಒಳಗೆ ಹೋಗಿ ಒಂದು ಪ್ರತಿ ತೆರೆದಾಗ ನಗು ನಿಂತಿತು.

ತಿದ್ದುಪಡಿ ಆಗಿತ್ತು! ಅವ್ವನ 'ಜ್ವಾಳ' 'ಜೋಳ'ವಾಗಿತ್ತು. 'ಹ್ವಾದ' ಎಂದಿದ್ದದ್ದು 'ಹೋದನು' ಆಗಿತ್ತು. 'ಯಾಕ' 'ಏಕೆ'ಯಾಗಿತ್ತು. ಹಾಡಿನ ಓಟಕ್ಕೆ ಸರಿಯಾಗಿ ಕಲ್ಲಿನ ಒಂದು ಸುತ್ತು ಮುಗಿಯುವಂತೆ ಇದ್ದ ಸಾಲುಗಳು ಕಾಲು ಮುರಿದುಕೊಂಡು ಬಿದ್ದಿದ್ದವು. ಫೋನು ಮಾಡಿ ಕೇಳಿದರೆ, "ನಮ್ಮ ಎಡಿಟರ್ ಗ್ರಾಮರ್ ಮಿಸ್ಟೇಕ್ ಎಲ್ಲಾ ಸರಿ ಮಾಡಿದಾರೆ ಮೇಡಂ, ಅದಕ್ಕೆ ಎಕ್ಸ್‌ಟ್ರಾ ಚಾರ್ಜ್ ತಗೊಂಡಿಲ್ಲ" ಎಂದು ಉಪಕಾರ ಮಾಡಿದವರಂತೆ ಹೇಳಿದರು. ಅಚ್ಚಿಗೆ ಹೋಗುವ ಮೊದಲು ಕರಡು ಕಳಿಸಬೇಕಿತ್ತಲ್ಲ ಎಂದರೆ, ಅದು ವಜ್ರದ ಪ್ಯಾಕೇಜಿನಲ್ಲಿ ಮಾತ್ರವಂತೆ. ನಾನು ಮೂವತ್ತು ವರ್ಷ ಮಕ್ಕಳ ತಪ್ಪು ತಿದ್ದಿದವಳು. ನಮ್ಮವ್ವನ ಬಾಯಿಯನ್ನು ಯಾರೋ ತಿದ್ದಿ, ಅದಕ್ಕೆ ನಾನೇ ರೊಕ್ಕ ಕೊಟ್ಟಿದ್ದೆ.

ಕೆಲವು ಸಂಗತಿಗಳು ಆಮೇಲೆ ತಿಳಿದವು. ನೀವು ಮೊದಲೇ ತಿಳಿದುಕೊಳ್ಳಿ. ಐ.ಎಸ್.ಬಿ.ಎನ್. ಎಂಬ 13 ಅಂಕಿಯ ಸಂಖ್ಯೆಗೆ ನನ್ನ ಬಿಲ್ಲಿನಲ್ಲಿ 2,500 ರೂಪಾಯಿ ಹಾಕಿದ್ದರು. ನಮ್ಮ ದೇಶದಲ್ಲಿ ಅದನ್ನು ಕೇಂದ್ರ ಶಿಕ್ಷಣ ಸಚಿವಾಲಯದ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಐ.ಎಸ್.ಬಿ.ಎನ್. ಸಂಸ್ಥೆ ಬಿಟ್ಟಿಯಾಗಿ ಕೊಡುತ್ತದೆ. ತಮ್ಮ ಪುಸ್ತಕ ತಾವೇ ಪ್ರಕಟಿಸುವವರೂ ಅರ್ಜಿ ಹಾಕಬಹುದು. ಇನ್ನೊಂದು: 1954ರ ಕಾಯಿದೆಯ ಪ್ರಕಾರ ಪ್ರಕಾಶಕರು ಪುಸ್ತಕ ಹೊರಬಂದ 30 ದಿನದೊಳಗೆ ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಮೂರು ದೊಡ್ಡ ಗ್ರಂಥಾಲಯಗಳಿಗೂ ತಮ್ಮ ಖರ್ಚಿನಲ್ಲಿ ಪ್ರತಿ ಕಳಿಸಬೇಕು. ನನ್ನ ಪುಸ್ತಕದ ಮೇಲೆ ಪ್ರಕಾಶಕರೆಂದು ಅವರ ಹೆಸರಿದೆ. ಕಳಿಸಿದ್ದೀರಾ ಎಂದು ಕೇಳಿದರೆ ಅದು ಯಾವ ಪ್ಯಾಕೇಜಿನಲ್ಲೂ ಇಲ್ಲ! ಇನ್ನು 'ಪ್ರಚಾರ' ಎಂದರೆ ಅವರ ಫೋನಿನ ಗುಂಪಿಗೆ ಮುಖಪುಟದ ಚಿತ್ರ ಹಾಕಿದ್ದು. ಮಾರಾಟವನ್ನು ಅವರು ಮೊದಲಿನಿಂದಲೂ ಲೆಕ್ಕಕ್ಕೇ ಹಿಡಿದಿರಲಿಲ್ಲ. ಯಾಕೆ ಹಿಡಿಯಬೇಕು? ಪುಸ್ತಕ ಮಾರಿದರೆ ಬರುವ ಲಾಭ ಪುಸ್ತಕ ಮಾರುವ ಮೊದಲೇ ನನ್ನಿಂದ ಬಂದಾಗಿತ್ತು.

ನನ್ನ ತಕರಾರಿನ ಗಂಟು ಇಲ್ಲಿದೆ. ಹಳೆಯ ಕಾಲದ ಪ್ರಕಾಶಕನಿಗೆ ಓದುಗ ಬೇಕಿದ್ದ. ಓದುಗ ಕೊಂಡರೆ ಅವನ ಮನೆಯ ಒಲೆ ಉರಿಯುತ್ತಿತ್ತು. ಅದಕ್ಕೇ ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿದರು. ಅದಕ್ಕೇ ಧಾರವಾಡದಲ್ಲಿ 1933ರಲ್ಲಿ ಮನೋಹರ ಗ್ರಂಥಮಾಲೆ ಕಟ್ಟಿದ ಜಿ.ಬಿ. ಜೋಶಿಯವರು ಚಂದಾದಾರರನ್ನು ಹುಡುಕಿ, ಪುಸ್ತಕ ಅವರ ಮನೆಗೇ ಹೋಗುವ ಏರ್ಪಾಡು ಮಾಡಿದರು. ಹೊಸ ಸೇವಾಸಂಸ್ಥೆಗೆ ಓದುಗ ಬೇಕಾಗಿಲ್ಲ, ಬರೆಯುವವರು ಇದ್ದರೆ ಸಾಕು. ಅದರಲ್ಲೂ ಉಳಿತಾಯದ ನಾಲ್ಕು ಕಾಸು ಇರುವ, ನಿವೃತ್ತಿ ಹತ್ತಿರ ಬಂದ, ಜೀವನದಲ್ಲಿ ಒಮ್ಮೆ ತನ್ನ ಹೆಸರನ್ನು ಮುಖಪುಟದ ಮೇಲೆ ನೋಡಬೇಕೆಂಬ ಆಸೆಯ ಹೆಣ್ಣುಮಕ್ಕಳು ಇದ್ದರೆ ಇನ್ನೂ ಒಳ್ಳೆಯದು. ನನ್ನ ಪರಿಚಯದ ಒಬ್ಬ ಬಾಯಿಯವರು ಕವನ ಸಂಕಲನಕ್ಕಾಗಿ ಪಾಟಲಿ ಮಾರಿದರು. ಆ ಪುಸ್ತಕಗಳು ಇಂದಿಗೂ ಅವರ ಅಟ್ಟದ ಮೇಲೆ ತೊಗರಿ ಚೀಲದ ಪಕ್ಕ ಇವೆ. ತೊಗರಿಯಾದರೂ ವರ್ಷಕ್ಕೊಮ್ಮೆ ಕೆಳಗಿಳಿದು ಬಜಾರಿಗೆ ಹೋಗುತ್ತದೆ.

ಸ್ವಂತ ಖರ್ಚಿನಲ್ಲಿ ಪುಸ್ತಕ ಮಾಡುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಮೊದಲ ಅಪರಾಧಿ ನಮ್ಮ ದಾನಚಿಂತಾಮಣಿ ಅತ್ತಿಮಬ್ಬೆ. ಹತ್ತನೆಯ ಶತಮಾನದಲ್ಲಿ ಪೊನ್ನನ ಶಾಂತಿಪುರಾಣವನ್ನು ತನ್ನ ಖರ್ಚಿನಲ್ಲಿ ಸಾವಿರ ಪ್ರತಿ ಬರೆಸಿದವಳು ಆಕೆ. ಪೊನ್ನ ರಾಷ್ಟ್ರಕೂಟರ ಕವಿ. ಅವರ ರಾಜಧಾನಿ ಮಾನ್ಯಖೇಟ ಎಂದರೆ ನಮ್ಮದೇ ಜಿಲ್ಲೆಯ ಮಳಖೇಡ. ನಮ್ಮ ಮಕ್ಕಳಿಗೆ ಈ ಪಾಠ ಹೇಳುವಾಗ ಸಾವಿರ ಎಂಬ ಸಂಖ್ಯೆಯನ್ನು ಒತ್ತಿ ಹೇಳಿ ಮುಂದೆ ಹೋಗುತ್ತೇವೆ. ಆಕೆ ಆ ಸಾವಿರ ಪ್ರತಿಗಳನ್ನು ಬರೆಸಿದ್ದು ಹಂಚುವುದಕ್ಕೆ ಎಂಬುದನ್ನು ಮರೆಯುತ್ತೇವೆ. ತಾಳೆಗರಿಯ ಕಾಲದಲ್ಲಿ ಹೆಣ್ಣೊಬ್ಬಳಿಗೆ ತಿಳಿದಿದ್ದ ಮಾತು ಇದು: ಪುಸ್ತಕದ ಖರ್ಚಿನಲ್ಲಿ ಬರೆಸುವುದು ಅರ್ಧ, ಮುಟ್ಟಿಸುವುದು ಉಳಿದರ್ಧ.

ಮುಟ್ಟಿಸುವುದು ಎಂದಾಗ ಅಂಚೆಯ ಮಾತು ಬಂತು. ಚಿಕ್ಕ ಊರುಗಳಿಗೆ ಪುಸ್ತಕದ ದಾರಿ ಎಂದರೆ ಅಂಚೆ. ಬೆಂಗಳೂರಿನಿಂದ ನಮಗೆ ಸುಮಾರು 600 ಕಿಲೋಮೀಟರು. ಒಂದು ಕಾದಂಬರಿಗಾಗಿ ಯಾರೂ ಬಸ್ಸು ಹತ್ತುವುದಿಲ್ಲ. ಪುಸ್ತಕಗಳಿಗೆಂದೇ ಇದ್ದ ಅಗ್ಗದ ರಿಜಿಸ್ಟರ್ಡ್ ಬುಕ್ ಪೋಸ್ಟ್‌ನಲ್ಲಿ ಐದು ಕಿಲೋ ಪುಸ್ತಕ 80 ರೂಪಾಯಿಗೆ ಹೋಗುತ್ತಿತ್ತು. 2024ರ ಡಿಸೆಂಬರ್ 18ರಂದು ಆ ಸೌಲಭ್ಯ ನಿಂತುಹೋಯಿತು. ಸದ್ದಿಲ್ಲ, ಗದ್ದಲವಿಲ್ಲ. ಸಾಮಾನ್ಯ ಪಾರ್ಸೆಲ್ ದರ ಅದರ ಎರಡು ಪಟ್ಟಿಗೂ ಮೀರಿತ್ತು. ಪ್ರಕಾಶಕರು, ಓದುಗರು ದೂರಿದ ಮೇಲೆ 2025ರ ಮೇ 1ರಿಂದ 'ಜ್ಞಾನ್ ಪೋಸ್ಟ್' ಎಂಬುದು ಬಂತು. 300 ಗ್ರಾಂವರೆಗೆ 20 ರೂಪಾಯಿ, ಐದು ಕಿಲೋಗೆ 100 ರೂಪಾಯಿ, ತೆರಿಗೆ ಬೇರೆ. ಕಟ್ಟು ಎಲ್ಲಿ ಮುಟ್ಟಿದೆ ಎಂದು ತಿಳಿಯುವ ಅನುಕೂಲವೂ ಇದೆ. ಪಠ್ಯ, ಸಾಹಿತ್ಯ, ಸಂಸ್ಕೃತಿ, ಧರ್ಮದ ಪುಸ್ತಕಗಳಿಗೆ ಮಾತ್ರ. ಅಚ್ಚು ಮಾಡಿದವರ ಅಥವಾ ಪ್ರಕಾಶಕರ ಹೆಸರು ಇರಬೇಕು, ಜಾಹೀರಾತು ಇರಬಾರದು. ನಿಯತಕಾಲಿಕೆಗಳಿಗೆ ಇದು ಸಲ್ಲದು.

ಒಳ್ಳೆಯದನ್ನು ಒಳ್ಳೆಯದೆಂದೇ ಹೇಳಬೇಕು. ಈ ದರ ದುಬಾರಿಯಲ್ಲ. ಆದರೆ ನಡುವಿನ ಆ ನಾಲ್ಕೂವರೆ ತಿಂಗಳು ನಮ್ಮಂಥ ಊರಿನ ಓದುಗರ ನೆನಪು ಯಾರಿಗಿತ್ತು? ನಗರದವರಿಗೆ ಕೊರಿಯರ್ ಇದೆ, ಅಂಗಡಿ ಇದೆ. ಇನ್ನೂ ಸೋಜಿಗವೆಂದರೆ, ಬಂದ ಸೌಲಭ್ಯದ ಹೆಸರೇ ಎಷ್ಟೋ ಮಂದಿಗೆ ಗೊತ್ತಿಲ್ಲ. ನಾನು ಅವ್ವನ ಪುಸ್ತಕದ ಕಟ್ಟು ಹಿಡಿದು ಒಂದು ಅಂಚೆ ಕಚೇರಿಗೆ ಹೋದಾಗ ಕೌಂಟರಿನ ಹುಡುಗ ಸ್ಪೀಡ್ ಪೋಸ್ಟಿನ ದರ ಹೇಳಿದ. ಜ್ಞಾನ್ ಪೋಸ್ಟ್ ಎಂದೆ. "ಅದೇನ್ರಿ ಮೇಡಂ?" ಎಂದ. ತಪ್ಪು ಅವನದೆನ್ನಲಾರೆ. ಗೋಡೆಯ ಮೇಲೆ ವಿಮೆಯ ಜಾಹೀರಾತು ನಾಲ್ಕಿದ್ದವು, ಇದರ ಚೀಟಿ ಒಂದೂ ಇರಲಿಲ್ಲ. ಕಂಪ್ಯೂಟರಿನಲ್ಲಿ ಹುಡುಕಿ ಕೊನೆಗೆ ಅವನೇ ಕಂಡುಹಿಡಿದು, "ಹೌದ್ರಿ, ಅದಾ ನೋಡ್ರಿ!" ಎಂದು ನನಗಿಂತ ಹೆಚ್ಚು ಸಂತೋಷಪಟ್ಟ. ಆದ್ದರಿಂದ ನೀವು ಹೋದಾಗ ಹೆಸರು ಹಿಡಿದು ಕೇಳಿ. ಕೇಳದಿದ್ದರೆ ಹೆಚ್ಚಿನ ರೊಕ್ಕ ಕೊಟ್ಟು ಬರುತ್ತೀರಿ. ನಾಳೆ "ಯಾರೂ ಬಳಸುವುದಿಲ್ಲ" ಎಂದು ಇದನ್ನೂ ನಿಲ್ಲಿಸಿದರೆ ಆಶ್ಚರ್ಯವಿಲ್ಲ.

ಗ್ರಂಥಾಲಯದ ಮಾತನ್ನೂ ಆಡಿಬಿಡುತ್ತೇನೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಂತೆ ನಾವು ಕಟ್ಟುವ ಮನೆತೆರಿಗೆಯ ಜೊತೆ ಗ್ರಂಥಾಲಯ ಕರವೂ ಸೇರಿರುತ್ತದೆ, ರೂಪಾಯಿಗೆ ಆರು ಪೈಸೆ. ರಸೀದಿ ತೆಗೆದು ನೋಡಿ. ಅಂದರೆ ಪಟ್ಟಣದ ಪ್ರತಿ ಗೃಹಿಣಿಯೂ ಗ್ರಂಥಾಲಯದ ಚಂದಾದಾರಳೇ. ಹಳ್ಳಿಯ ಗ್ರಂಥಾಲಯಗಳು 2019ರಲ್ಲಿ ಪಂಚಾಯಿತಿಗಳ ಇಲಾಖೆಗೆ ಬಂದು, ಈಗ 'ಅರಿವು ಕೇಂದ್ರ' ಎಂಬ ಚಂದದ ಹೆಸರು ಪಡೆದಿವೆ. ಹೈದರಾಬಾದ ಕರ್ನಾಟಕವೂ ಅದೇ ವರ್ಷ ಕಲ್ಯಾಣ ಕರ್ನಾಟಕವಾಯಿತು. ಹೆಸರುಗಳಿಗೆ ನಮ್ಮಲ್ಲಿ ಬರಗಾಲವಿಲ್ಲ. ಆ ಕೇಂದ್ರಗಳಿಗೆ ಹೋಗಿ "ಹೆಣ್ಣುಮಕ್ಕಳು ಓದುವ ಪುಸ್ತಕ ಯಾವವು ಬಂದಿವೆ?" ಎಂದು ಒಂದು ದಿನ ನಾಲ್ಕು ಜನ ಕೂಡಿ ಕೇಳಿ ನೋಡಿ. ಒಬ್ಬಳೇ ಕೇಳಿದರೆ ತಲೆಕೆಟ್ಟವಳು ಎನ್ನುತ್ತಾರೆ, ನಾಲ್ವರು ಕೇಳಿದರೆ ರಿಜಿಸ್ಟರ್ ತೆಗೆಯುತ್ತಾರೆ.

ಇಷ್ಟು ಬೈದು ಸುಮ್ಮನೆ ಕೂತರೆ ನನಗೂ ಆ ಮಹನೀಯರಿಗೂ ವ್ಯತ್ಯಾಸವಿರುವುದಿಲ್ಲ. ಒದ್ದೆಯಾಗದೆ ಉಳಿದ 254 ಪ್ರತಿಗಳನ್ನು ನಾನು ಏನು ಮಾಡಿದೆನೆಂದು ಹೇಳುತ್ತೇನೆ. ಎರಡು ಬೇಸಿಗೆ ರಜೆ ಕೂತು, ಪ್ರತಿಯೊಂದರಲ್ಲೂ ಮುಖ್ಯ ತಪ್ಪುಗಳನ್ನು ಕೆಂಪು ಪೆನ್ನಿನಲ್ಲಿ ತಿದ್ದಿದೆ. 'ಜೋಳ'ವನ್ನು 'ಜ್ವಾಳ' ಮಾಡಿದೆ. ಮಕ್ಕಳ ಉತ್ತರಪತ್ರಿಕೆ ತಿದ್ದಿದ ಕೈಗೆ ಅದೇನು ಭಾರವಾಗಲಿಲ್ಲ. ಆಮೇಲೆ ಮೂರು ತಾಲ್ಲೂಕಿನಲ್ಲಿ ನನಗೆ ಗೊತ್ತಿದ್ದ ಶಿಕ್ಷಕಿಯರಿಗೆ, ನರ್ಸಮ್ಮಗಳಿಗೆ, ಹಳೆಯ ವಿದ್ಯಾರ್ಥಿನಿಯರಿಗೆ ಒಂದೊಂದು ಕಾರ್ಡು ಬರೆದೆ. ಪುಸ್ತಕ ಮುಟ್ಟಿದ ಮೇಲೆ ರೊಕ್ಕ ಕಳಿಸಿ, ಬೇಡವಾದರೆ ವಾಪಸ್ ಕಳಿಸಿ ಎಂದೆ. ಗೈಡಿನವರಿಂದ ಕಲಿತ ಪಾಠ ಅದು. 211 ಹೋದವು. ವಾಪಸ್ ಬಂದದ್ದು ಮೂರು. ಅದರಲ್ಲಿ ಒಂದಕ್ಕೆ ವಿಳಾಸ ತಪ್ಪಿತ್ತು.

ಕಟ್ಟುವುದನ್ನು ಯಾರು ಕಲಿಸಿದರು ಎಂದಿರಾ? ನಮ್ಮ ಓಣಿಯ ವೈನಿ ಒಬ್ಬರು. ಅವರ ಮಗ ಪುಣೆಯಲ್ಲಿದ್ದಾನೆ. ತಿಂಗಳಿಗೊಮ್ಮೆ ಅವನಿಗೆ ಐವತ್ತು ಖಡಕ್ ರೊಟ್ಟಿ, ಶೇಂಗಾ ಹಿಂಡಿ ಹೋಗುತ್ತವೆ. ಒಂದು ರೊಟ್ಟಿಯೂ ಮುರಿಯುವುದಿಲ್ಲ. ಅವರು ನನ್ನ ಬಂಡಲು ನೋಡಿ, "ಹಿಂಗ ಕಟ್ಟಿದ್ರ ರೊಟ್ಟಿ ಪುಡಿ ಆಗ್ತಾವ್ರಿ ಟೀಚರ್" ಎಂದು ತಾವೇ ಕೂತರು. ಮೊದಲು ಒಳಗೊಂದು ಪ್ಲಾಸ್ಟಿಕ್ ಚೀಲ, ಮಳೆಗೆ. ಮೇಲೆ ಕೆಳಗೆ ಪುಸ್ತಕಕ್ಕಿಂತ ಒಂದು ಬೆರಳು ದೊಡ್ಡದಾದ ರಟ್ಟು. ಮೂಲೆಗಳು ಮೊದಲು ಪೆಟ್ಟು ತಿನ್ನುವುದರಿಂದ ಆ ಬೆರಳಗಲ ಮುಖ್ಯ. ಒಳಗೆ ಪುಸ್ತಕ ಅಲ್ಲಾಡದಂತೆ ಹಳೆಯ ಪೇಪರು ತುರುಕಬೇಕು. ಅದರ ಮೇಲೆ ಖಾಕಿ ಕಾಗದ. ಸುತಳಿ ರಟ್ಟಿನ ಮೇಲೆ ಬರಬೇಕು, ಪುಸ್ತಕದ ಅಂಚಿಗೆ ನೇರ ತಾಗಿದರೆ ಕೊಯ್ದುಬಿಡುತ್ತದೆ. ಹೊರಗಿನ ವಿಳಾಸ ಅಳಿಸಿದರೂ ಕೆಡದಂತೆ ಒಳಗೂ ಒಂದು ವಿಳಾಸದ ಚೀಟಿ. ಒಂದು ಕಟ್ಟಿಗೆ ನನಗೆ ಬಿದ್ದ ಖರ್ಚು ಐದಾರು ರೂಪಾಯಿ, ರಟ್ಟು ಕಿರಾಣಿ ಅಂಗಡಿಯಿಂದ ಪುಕ್ಕಟೆ. ಬಂಗಾರದ ಪ್ಯಾಕೇಜಿನಲ್ಲಿ ಇದೊಂದೂ ಇರಲಿಲ್ಲ.

ಇನ್ನು ಮುಂದೆ ಯಾರಾದರೂ ನಿಮಗೆ ಫೋನು ಮಾಡಿ "ನಿಮ್ಮ ಪುಸ್ತಕ ಮಾಡಿಕೊಡುತ್ತೇವೆ" ಎಂದರೆ ಹೂಂ ಎನ್ನುವ ಮೊದಲು ಇಷ್ಟು ಕೇಳಿ. ಅಚ್ಚಿಗೆ ಮೊದಲು ಕರಡು ನನ್ನ ಕೈಗೆ ಬರುತ್ತದೆಯೋ? ನನ್ನ ಊರಿನ ಮಾತನ್ನು ನನ್ನ ಒಪ್ಪಿಗೆ ಇಲ್ಲದೆ ಬದಲಿಸುವುದಿಲ್ಲವೆಂದು ಬರೆದುಕೊಡುತ್ತೀರೋ? ಎಷ್ಟು ಪ್ರತಿ ಯಾವ ಅಂಗಡಿಗೆ, ಯಾವ ಗ್ರಂಥಾಲಯಕ್ಕೆ ಹೋಗುತ್ತವೆ? ಒದ್ದೆಯಾಗಿ, ಹರಿದು ಬಂದ ಪ್ರತಿಗೆ ಬದಲಿ ಕೊಡುವವರು ಯಾರು? ಈ ನಾಲ್ಕಕ್ಕೂ ಉತ್ತರ ಬಂದರೆ ರೊಕ್ಕ ಕೊಡಿ. ಬರದಿದ್ದರೆ ನಿಮ್ಮ ಪಾಟಲಿ ಕೈಯಲ್ಲೇ ಇರಲಿ, ಕವನ ನೋಟುಬುಕ್ಕಿನಲ್ಲೇ ಇರಲಿ. ಹತ್ತಿರದ ಊರಿನ ಅಚ್ಚುಕೂಟದವರನ್ನು ಕಂಡು, ಮುಂದೆ ಕೂತು, ನೂರೇ ಪ್ರತಿ ಮಾಡಿಸಿ. ಆ ನೂರನ್ನು ನೂರು ಮನೆಗೆ ಮುಟ್ಟಿಸಿ.

ಹೋದ ತಿಂಗಳು ಅಫಜಲಪುರದ ಹತ್ತಿರದ ಹಳ್ಳಿಯಿಂದ ನನಗೊಂದು ಕಾಗದ ಬಂತು. ಬರೆದವಳು ಎಂಟನೇ ತರಗತಿಯ ಹುಡುಗಿ. ಅವಳ ಅಜ್ಜಿ ಅವ್ವನ ಪುಸ್ತಕವನ್ನು ಓದಿಸಿ ಕೇಳಿ, "ಇದರಾಗ ನಡುವಿನ ಎರಡು ನುಡಿ ಬಿಟ್ಟಾವ, ಬರಕೋ" ಎಂದು ಹೇಳಿ ಬರೆಸಿದ್ದಾಳೆ. ಎರಡು ನುಡಿಯೂ ಕಾಗದದಲ್ಲಿವೆ. ನಮ್ಮವ್ವ ಮರೆತದ್ದೋ, ನಾನು ಬರೆದುಕೊಳ್ಳದೆ ಬಿಟ್ಟದ್ದೋ ತಿಳಿಯದು. ಆ ಹುಡುಗಿ ಕೊನೆಗೆ, "ನಿಮ್ಮಲ್ಲಿ ಇಂಥ ಬ್ಯಾರೆ ಪುಸ್ತಕ ಅದಾವೇನು? ಇದ್ರ ಕಳಸ್ರಿ, ರೊಕ್ಕ ಕೊಡ್ತೀವಿ" ಎಂದು ಬರೆದಿದ್ದಾಳೆ.

ಆ ಮಹನೀಯರ ವಿಳಾಸ ನನ್ನ ಬಳಿ ಇಲ್ಲ. ಇದ್ದಿದ್ದರೆ ಈ ಕಾಗದದ ಒಂದು ನಕಲನ್ನು ಅವರಿಗೂ ಕಳಿಸುತ್ತಿದ್ದೆ, ರಟ್ಟು ಇಟ್ಟು, ಸುತಳಿ ಕಟ್ಟಿ. ಸದ್ಯ ವೈನಿಯವರು ರೊಟ್ಟಿ ಕಟ್ಟುತ್ತಿದ್ದಾರೆ. ಅವರದು ಮುಗಿದ ಕೂಡಲೇ ಆ ಹುಡುಗಿಗೆ ನಾಲ್ಕು ಪುಸ್ತಕ ಕಟ್ಟಬೇಕು.